ವಹಾಕದ ಓಣಿಗಳಲ್ಲಿ: ನೀರು ಬರುವ ದಿನ ಯಾವುದು?

ಬುಧವಾರ

ಮೆಕ್ಸಿಕೊ ಸಿಟಿಯಲ್ಲಿ ಬೆಳಿಗ್ಗೆ ಹತ್ತಿದ ಬಸ್ಸು ಪ್ಯೂಬ್ಲಾ ದಾಟಿತು. ಆಮೇಲೆ ಕಂಬದ ಹಾಗೆ ನೆಟ್ಟಗೆ ನಿಂತ ಕಳ್ಳಿಗಳ ಒಣ ಗುಡ್ಡಗಳನ್ನು ಸುತ್ತಿ ಸುತ್ತಿ, ಮಧ್ಯಾಹ್ನ ಕಳೆದ ಮೇಲೆ ವಹಾಕ ಊರಿಗೆ ಇಳಿಯಿತು. ಮೂರು ಕಣಿವೆಗಳು ಕೂಡುವ ಜಾಗದಲ್ಲಿರುವ ಊರು ಇದು. ಎತ್ತರ ಸುಮಾರು 1,550 ಮೀಟರ್. 2020ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 2.7 ಲಕ್ಷ. ಹೆಸರು ಬರೆಯುವಾಗ ಪೂರ್ತಿಯಾಗಿ ‘ವಹಾಕ ದೆ ಹುವಾರೆಸ್’ ಅಂತ ಬರೆಯುತ್ತಾರೆ. ಬೆನಿತೊ ಹುವಾರೆಸ್ ಮೆಕ್ಸಿಕೊದ ಅಧ್ಯಕ್ಷರಾಗಿದ್ದವರು, ಸಾಪೊತೆಕ್ ಜನಾಂಗದವರು. 1806ರಲ್ಲಿ ಬೆಟ್ಟದ ಮೇಲಿನ ಗೆಲತಾವೊ ಹಳ್ಳಿಯಲ್ಲಿ ಹುಟ್ಟಿ, 1818ರಲ್ಲಿ, ಹನ್ನೆರಡರ ಹುಡುಗನಾಗಿದ್ದಾಗ, ಈ ಊರಿಗೆ ನಡೆದುಕೊಂಡೇ ಬಂದವರು. ಆಗ ಅವರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ.

ನಾನು ಬಂದದ್ದು ಮಾರ್ಚ್‌ನಲ್ಲಿ. ಮಳೆ ನಿಂತು ತಿಂಗಳುಗಳಾಗಿದ್ದವು. ನೆಲ ಬಿಳಿಚಿಕೊಂಡಿತ್ತು. ಅದರ ನಡುವೆಯೇ ಜಕರಂಡಾ ಮರಗಳು ನೇರಳೆ ಹೂ ಹೊತ್ತು ನಿಂತಿದ್ದವು.

ಸಂಜೆ ಸೊಕಲೊಗೆ ಹೋದೆ. ಸೊಕಲೊ ಅಂದರೆ ಊರ ನಡುವಿನ ದೊಡ್ಡ ಚೌಕ. ಒಂದು ಕಡೆ ಕೆಥೆಡ್ರಲ್, ಇನ್ನೊಂದು ಕಡೆ ಹಳೆಯ ಸರ್ಕಾರಿ ಅರಮನೆ. ನಡುವೆ ಆಲದ ಜಾತಿಯ ದೊಡ್ಡ ದೊಡ್ಡ ಮರಗಳು. ಇಲ್ಲಿಯವರು ಅವನ್ನು ‘ಭಾರತದ ಲಾರೆಲ್’ ಎಂದು ಕರೆಯುತ್ತಾರೆ. ಆ ನೆರಳಲ್ಲಿ ಬಲೂನು ಮಾರುವವರು, ಬೂಟ್ ಪಾಲಿಶ್ ಮಾಡುವವರು, ಹುಯಿಪಿಲ್ ಎಂಬ ಕೆಂಪು ನಿಲುವಂಗಿ ತೊಟ್ಟು ನೇಯುತ್ತ ಕೂತ ಟ್ರಿಕಿ ಜನಾಂಗದ ಹೆಂಗಸರು.

ಬುಧವಾರ ಸಂಜೆ ಇಲ್ಲಿ ದಾನ್ಸೋನ್ ಕುಣಿತ. ಕ್ಯೂಬಾದಿಂದ ವೆರಾಕ್ರೂಸ್ ಬಂದರಿಗೆ ಬಂದು, ಅಲ್ಲಿಂದ ಮೆಕ್ಸಿಕೊ ತುಂಬ ಹರಡಿದ ಕುಣಿತ ಅದು. ಕುಣಿಯುವವರಲ್ಲಿ ಜಾಸ್ತಿ ಜನ ಅರವತ್ತು ದಾಟಿದವರು. ಗಂಡಸರಿಗೆ ಟೋಪಿ, ಮಿರುಗುವ ಬೂಟು. ಹೆಂಗಸರ ಕೈಯಲ್ಲಿ ಬೀಸಣಿಗೆ. ವಾದ್ಯದವರು ಪಲ್ಲವಿಗೆ ಬಂದಾಗ ಎಲ್ಲ ಜೋಡಿಗಳೂ ಒಟ್ಟಿಗೇ ನಿಂತುಬಿಡುತ್ತಾರೆ. ಗಾಳಿ ಬೀಸಿಕೊಳ್ಳುತ್ತಾರೆ, ಪಕ್ಕದವರನ್ನು ಮಾತಾಡಿಸುತ್ತಾರೆ. ಪಲ್ಲವಿ ಮುಗಿದ ಕೂಡಲೇ ಮತ್ತೆ ಹೆಜ್ಜೆ. ಒಬ್ಬ ಅಜ್ಜ ಒಬ್ಬರೇ ಬಂದಿದ್ದರು. ಬೆಂಚಿನ ಮೇಲೆ ಒಂಟಿಯಾಗಿ ಕೂತಿದ್ದ ಹೆಂಗಸರನ್ನು ಸಾಲಾಗಿ ಕರೆದು, ಒಂದೊಂದು ಹಾಡಿಗೆ ಒಬ್ಬರ ಜೊತೆ ಕುಣಿದು, ಮತ್ತೆ ಅದೇ ಬೆಂಚಿಗೆ ಬಿಟ್ಟು ತಲೆಬಾಗುತ್ತಿದ್ದರು. ವಯಸ್ಸಾದವರಿಗೆ ಇಷ್ಟು ಚೆಂದದ ಸಂಜೆ ಕೊಡುವ ಚೌಕವನ್ನು ನಾನು ಬೇರೆಲ್ಲೂ ನೋಡಿಲ್ಲ.

ಗುರುವಾರ

ನಾನು ಉಳಿದದ್ದು ಹಲತ್ಲಾಕೊ ಓಣಿಯಲ್ಲಿ. ಹಿಂದೆ ಇದು ಬೇರೆಯದೇ ಊರು. ಸ್ಪೇನಿನವರ ಜೊತೆ ಬಂದ ನಾವಾತ್ಲ್ ಮಾತಾಡುವ ಜನ ಇಲ್ಲಿ ನೆಲೆಸಿದರು. ಆಮೇಲೆ ತುಂಬ ಕಾಲ ಇದು ಚರ್ಮ ಹದ ಮಾಡುವವರ ಕೇರಿಯಾಗಿತ್ತು. ಆ ಕೆಲಸಕ್ಕೆ ನೀರು ಬೇಕು, ನೀರು ಪಕ್ಕದ ಹಲತ್ಲಾಕೊ ಹಳ್ಳದಲ್ಲಿತ್ತು. ಈಗ ಹಳ್ಳ ಕಾಣುವುದಿಲ್ಲ. ಅದಕ್ಕೆ ಮುಚ್ಚಿಗೆ ಹಾಕಿ ಮೇಲೆ ಅಗಲ ರಸ್ತೆ ಮಾಡಿದ್ದಾರೆ. ಬಸ್ಸುಗಳು ಹಳ್ಳದ ಮೇಲೇ ಓಡುತ್ತವೆ.

ಬೀದಿಯಿಂದ ನೋಡಿದರೆ ಇಲ್ಲಿಯ ಮನೆಗಳೆಂದರೆ ಬರೀ ಗೋಡೆ, ಒಂದು ಬಾಗಿಲು. ಹಳದಿ, ನೀಲಿ, ಇಟ್ಟಿಗೆ ಕೆಂಪು. ಭೂಕಂಪದ ಊರಾದ್ದರಿಂದ ಗೋಡೆ ದಪ್ಪ, ಮನೆ ತಗ್ಗು. 1931ರ ಜನವರಿಯ ಭೂಕಂಪವನ್ನು ಇಂದಿಗೂ ಹಿರಿಯರು ತಮ್ಮ ಅಪ್ಪ, ಅಮ್ಮನಿಂದ ಕೇಳಿದ ಹಾಗೆ ಹೇಳುತ್ತಾರೆ. ಬಾಗಿಲು ತೆರೆದರೆ ಒಳಗೆ ಅಂಗಳ, ಸುತ್ತ ಕೋಣೆಗಳು, ಕುಂಡಗಳಲ್ಲಿ ಗಿಡ. ಮನೆಯೊಡತಿಗೆ ಎಪ್ಪತ್ತು ದಾಟಿದೆ. ಓಣಿಯವರೆಲ್ಲ ಗೌರವದಿಂದ ದೊನ್ಯಾ ಎಂದು ಕರೆಯುತ್ತಾರೆ. ನನ್ನನ್ನು ಅವರು ಮೊದಲ ಬೆಳಿಗ್ಗೆಯೇ ‘ಮಿಹಾ’, ಅಂದರೆ ಮಗಳೇ, ಅಂದುಬಿಟ್ಟರು.

ಬೆಳಗು ಶಬ್ದಗಳಿಂದ ಶುರು. ಮೊದಲು ಎಲ್ಲೋ ಹುಂಜ. ಆಮೇಲೆ ಮೂರು ಗಾಲಿಯ ಸೈಕಲ್ಲಿನಲ್ಲಿ ತಮಾಲೆಸ್, ಅಂದರೆ ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕಡುಬು, ಮಾರುವವನು. ಆಮೇಲೆ ಗ್ಯಾಸ್ ಸಿಲಿಂಡರ್ ಲಾರಿಯ ಕೂಗು. ‘ಆಗ್ವಾ’ ಎಂದು ಉದ್ದಕ್ಕೆ ಎಳೆಯುತ್ತ 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ತರುವವನು. ಕಸದ ಲಾರಿಗೆ ಗಂಟೆ. ಗಂಟೆ ಕೇಳಿದ ಕೂಡಲೇ ಮನೆಮನೆಯಿಂದ ಚೀಲ ಹಿಡಿದು ಜನ ಓಡುತ್ತಾರೆ. 2022ರಲ್ಲಿ ಸಾಚಿಲಾ ಕಡೆಯ ಕಸದ ಗುಡ್ಡ ಮುಚ್ಚಿದಾಗ ಈ ಊರಿನ ಬೀದಿಗಳಲ್ಲೆಲ್ಲ ಕಸ ರಾಶಿ ಬಿದ್ದಿತ್ತಂತೆ. ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಆಗ ಕಲಿತೆವು ಎಂದರು ದೊನ್ಯಾ.

ಅವರ ಜೊತೆ ಗಿರಣಿಗೂ ಹೋದೆ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಹಾಕಿ, ಸಿಪ್ಪೆ ತೊಳೆದರೆ ನಿಸ್ತಮಾಲ್. ಅದನ್ನು ಬಕೆಟ್ಟಿನಲ್ಲಿ ಹೊತ್ತು ಹೆಂಗಸರು ಬೆಳಗ್ಗೆ ಸಾಲಿನಲ್ಲಿ ನಿಲ್ಲುತ್ತಾರೆ. ಕಲ್ಲಿನ ಗಿರಣಿಯಿಂದ ಬೆಚ್ಚಗಿನ ಹಿಟ್ಟು ಮುದ್ದೆಯಾಗಿ ಹೊರಗೆ ಬರುತ್ತದೆ. ಯಾರ ಮಗನಿಗೆ ಕೆಲಸ ಸಿಕ್ಕಿತು, ಯಾರ ಮನೆ ಮಾರಾಟಕ್ಕಿದೆ, ಯಾವ ಬೀದಿಗೆ ನೀರು ಬಂತು, ಇಷ್ಟೆಲ್ಲ ಸುದ್ದಿ ಆ ಸಾಲಿನಲ್ಲೇ ಸಿಗುತ್ತದೆ.

ನೀರಿನ ಮಾತು ಇಲ್ಲಿ ಎಲ್ಲದಕ್ಕೂ ಮುಂಚೆ ಬರುತ್ತದೆ. ನಾನು ಹುಬ್ಬಳ್ಳಿಯವಳು, ನಲ್ಲಿ ನೀರಿನ ದಿನ ಎಣಿಸುತ್ತಲೇ ಬೆಳೆದವಳು. ಅದಕ್ಕೇ ಇರಬೇಕು, ಹೊಸ ಊರಿಗೆ ಹೋದಾಗ ನನ್ನ ಕಣ್ಣು ಮೊದಲು ಮಾಳಿಗೆಯ ಮೇಲಿನ ಟ್ಯಾಂಕಿಗೆ ಹೋಗುತ್ತದೆ. ಇಲ್ಲಿ ಪ್ರತಿ ಮಾಳಿಗೆಯ ಮೇಲೂ ಕಪ್ಪು ಟ್ಯಾಂಕು. ಅದಕ್ಕೆ ತಿನಾಕೊ ಎನ್ನುತ್ತಾರೆ. ಸಾಮಾನ್ಯ ಮನೆಯದು 1,100 ಲೀಟರಿನದು. ಅನುಕೂಲ ಇದ್ದವರಿಗೆ ಅಂಗಳದ ಕೆಳಗೆ ದೊಡ್ಡ ಸಂಪು. ದೊನ್ಯಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀರು ಬಂದ ದಿನಗಳಿಗೆಲ್ಲ ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಫೆಬ್ರವರಿಯಲ್ಲಿ ಸುತ್ತುಗಳು ಬಹಳ ದೂರ ದೂರ ಇದ್ದವು. ಸ್ನಾನದ ಮನೆಯಲ್ಲಿ ಷವರ್ ಕೆಳಗೆ ಬಕೆಟ್ಟು. ಬಿಸಿ ಬರುವ ತನಕ ಬೀಳುವ ತಣ್ಣೀರು ಅದಕ್ಕೆ, ಆ ನೀರು ಪಾಯಖಾನೆಗೆ. ಪಾತ್ರೆ ತೊಳೆದ ನೀರು ಗಿಡಕ್ಕೆ. ನನಗೆ ಇದನ್ನೆಲ್ಲ ಯಾರೂ ಕಲಿಸಬೇಕಾಗಿರಲಿಲ್ಲ.

ಹಲತ್ಲಾಕೊದಲ್ಲಿ ಈಗ ಗೋಡೆ ತುಂಬ ಚಿತ್ರ, ಮೂಲೆಮೂಲೆಗೆ ಕಾಫಿ ಅಂಗಡಿ, ಮಹಡಿಯ ಮೇಲೆ ಪ್ರವಾಸಿಗಳಿಗೆ ಕೋಣೆ. ಫೋಟೊ ತೆಗೆಯುವವರ ಗುಂಪು ಸಾನ್ ಮತಿಯಾಸ್ ಚರ್ಚಿನ ಮುಂದೆ ಇದ್ದೇ ಇರುತ್ತದೆ. ಚೆಂದವೇ ಇದೆ. ಆದರೆ ಬಾಡಿಗೆಗೆ ಇದ್ದವರು ಒಬ್ಬೊಬ್ಬರಾಗಿ ಊರ ಅಂಚಿಗೆ ಹೋಗಿದ್ದಾರೆ. 2024ರ ಜನವರಿಯಲ್ಲಿ ಇದರ ವಿರುದ್ಧವೇ ಊರಿನ ಯುವಕರು ಮೆರವಣಿಗೆ ಮಾಡಿದರು. ದೊನ್ಯಾರ ಪಕ್ಕದ ಎರಡು ಮನೆಗಳಲ್ಲಿ ಈಗ ನೆರೆಯವರಿಲ್ಲ, ವಾರಕ್ಕೊಮ್ಮೆ ಬದಲಾಗುವ ಸೂಟ್‌ಕೇಸುಗಳಿವೆ. ನಾನೂ ಅಂಥ ಒಂದು ಸೂಟ್‌ಕೇಸಿನೊಂದಿಗೇ ಬಂದವಳು. ಮನೆಯೊಡತಿ ತಾನೇ ವಾಸವಿದ್ದು ಒಂದು ಕೋಣೆ ಬಾಡಿಗೆಗೆ ಕೊಡುವ ಮನೆಯನ್ನು ಹುಡುಕಿದ್ದು ಅದಕ್ಕೇ. ಹೋಗುವವರಿಗೆ ನಾನು ಹೇಳುವುದೂ ಅದನ್ನೇ. ಬಾಡಿಗೆ ದುಡ್ಡು ಓಣಿಯಲ್ಲೇ ಉಳಿಯುತ್ತದೆ. ಗಿರಣಿಯ ಸಾಲಿಗೂ ಜೊತೆ ಸಿಗುತ್ತದೆ.

ಶುಕ್ರವಾರ

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತದ ಕಾಲ ಇದು. ಶುಕ್ರವಾರಗಳಲ್ಲಿ ಮಾಂಸ ತಿನ್ನುವುದಿಲ್ಲ. ನನ್ನಂಥ ಸಸ್ಯಾಹಾರಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಉಳಿದ ದಿನ ಬಹಳ ಕೇಳಿ ತಿನ್ನಬೇಕು. ತ್ಲಾಯುದಾ ಎಂಬ ತಟ್ಟೆಗಿಂತ ದೊಡ್ಡ ಗರಿಗರಿ ರೊಟ್ಟಿಗೆ ಮೊದಲು ಹಂದಿಯ ಕೊಬ್ಬು ಸವರುತ್ತಾರೆ, ಅದು ಕಣ್ಣಿಗೆ ಬೀಳುವುದಿಲ್ಲ. ‘ಸಿನ್ ಅಸಿಯೆಂತೊ’ ಎಂದರೆ ಅದಿಲ್ಲದೆ ಮಾಡಿಕೊಡುತ್ತಾರೆ. ಆಗ ಉಳಿಯುವುದು ಅವೊಕಾಡೊ ಮರದ ಎಲೆ ಹಾಕಿ ಅರೆದ ಕಪ್ಪು ಬೀನ್ಸ್ ಕಾಳು, ನೂಲಿನುಂಡೆಯ ಹಾಗೆ ಸುತ್ತಿದ ಕೆಸಿಯೊ ಚೀಸು, ಖಾರದ ಸಾಲ್ಸಾ. ಕೆಂಡದ ಮೇಲೆ ಸುಟ್ಟು ಮಡಚಿಕೊಟ್ಟದ್ದು ಹೊಟ್ಟೆಗೂ ನಾಲಿಗೆಗೂ ಸಾಕು.

ಆದರೆ ಈ ಶುಕ್ರವಾರದ ವಿಶೇಷ ಬೇರೆ. ವ್ರತದ ನಾಲ್ಕನೆಯ ಶುಕ್ರವಾರ ವಹಾಕದಲ್ಲಿ ಸಮರಿತಾನಾ ಹಬ್ಬ. ಬಾವಿಕಟ್ಟೆಯಲ್ಲಿ ಯೇಸು ನೀರು ಕೇಳಿದ್ದು ಸಮಾರ್ಯದ ಹೆಂಗಸಿನ ಹತ್ತಿರ. ಆ ಕಥೆಯ ನೆನಪಿಗೆ ಊರವರು ದಾರಿಹೋಕರಿಗೆಲ್ಲ ಪುಕ್ಕಟೆ ಪಾನೀಯ ಹಂಚುತ್ತಾರೆ. ಚರ್ಚುಗಳ ಮುಂದೆ, ಶಾಲೆಗಳ ಮುಂದೆ, ಕಚೇರಿಗಳ ಮುಂದೆ, ಅಂಗಡಿಗಳ ಮುಂದೆ, ಎಷ್ಟೋ ಕಡೆ ಮನೆ ಬಾಗಿಲಲ್ಲೂ ಮೇಜು ಹಾಕುತ್ತಾರೆ. ಮೇಜಿಗೆ ಕಾಗದದ ಹೂವಿನ ಬಳ್ಳಿ, ಹಸಿರು ತೊಂಗಲು. ದೊಡ್ಡ ಮಣ್ಣಿನ ಮಡಕೆಗಳು. ಕಸೂತಿ ರವಿಕೆ ತೊಟ್ಟ ಹುಡುಗಿಯರು ಬುರುಡೆ ಸೌಟಿನಲ್ಲಿ ಬಗ್ಗಿಸಿ ಕೊಡುತ್ತಾರೆ. ರಾಮನವಮಿಯ ದಿನ ನಮ್ಮ ಬೀದಿಗಳಲ್ಲಿ ಪಾನಕ, ಮಜ್ಜಿಗೆ ಹಂಚುವವರ ಕೈಯಲ್ಲಿ ಇರುವ ಅದೇ ಅವಸರ, ಅದೇ ಒತ್ತಾಯ.

ಏನೇನು ಇತ್ತು ಹೇಳುತ್ತೇನೆ. ಓರ್ಚಾತಾ: ಅಕ್ಕಿ, ದಾಲ್ಚಿನ್ನಿ ಅರೆದ ಹಾಲುಬಿಳಿ ನೀರು, ಅದರ ಮೇಲೆ ಪಾಪಾಸುಕಳ್ಳಿ ಹಣ್ಣಿನ ಕಡುಕೆಂಪು ರಸ, ಕರಬೂಜದ ಚೂರು. ಚಿಲಕಯೋತಾ: ಒಂದು ಜಾತಿಯ ಕುಂಬಳಕಾಯಿಯನ್ನು ಬೆಲ್ಲದ ಜೊತೆ ಕುದಿಸಿದ್ದು, ಎಳೆ ಎಳೆ ಬಾಯಿಗೆ ಸಿಗುತ್ತದೆ, ಬೀಜವೂ ಸಿಗುತ್ತದೆ. ಹುಣಸೆ ಹಣ್ಣಿನದು. ಲಿಂಬೆಗೆ ಚಿಯಾ ಬೀಜ ಹಾಕಿದ್ದು. ಕೆಂಪಗೆ ಹುಳಿ ಹುಳಿಯಾದ ಹಮಾಯ್ಕಾ. ಈ ಹಮಾಯ್ಕಾ ನಮ್ಮ ಪುಂಡಿ ಗಿಡದ್ದೇ. ನಾವು ಸೊಪ್ಪು ತಿನ್ನುತ್ತೇವೆ, ಇವರು ಹೂವಿನ ಬುಡದ ದಪ್ಪ ಕೆಂಪು ಕವಚ ಒಣಗಿಸಿ ಕುದಿಸುತ್ತಾರೆ.

ಸಾಂತೊ ದೊಮಿಂಗೊ ಚರ್ಚಿನಿಂದ ಸೊಕಲೊ ತನಕ ನಡೆದರೆ ಲೋಟ ಕೈಯಿಂದ ಇಳಿಯಲೇ ಇಲ್ಲ. ಜನ ಮನೆಯಿಂದ ಜಗ್ಗು, ಬಾಟಲಿ ತಂದಿದ್ದರು. ಯಾರೂ ಬೇಡ ಅನ್ನಲಿಲ್ಲ. ಒಂದು ಶಾಲೆಯ ಮುಂದೆ ಚಿಕ್ಕ ಹುಡುಗನೊಬ್ಬ ರಸ್ತೆಗೆ ಇಳಿದು ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ಡ್ರೈವರಿಗೆ ಲೋಟ ಎತ್ತಿಕೊಟ್ಟ. ಡ್ರೈವರ್ ಕುಡಿದು ಲೋಟ ವಾಪಸ್ ಕೊಡುವ ತನಕ ಹಿಂದಿನ ಯಾವ ಗಾಡಿಯೂ ಹಾರ್ನ್ ಹೊಡೆಯಲಿಲ್ಲ. ತಿಂಗಳುಗಟ್ಟಲೆ ನಲ್ಲಿ ಒಣಗಿರುವ ಊರು ಇದು. ಇಷ್ಟೂ ಪಾನೀಯದ ನೀರನ್ನು ಇವರು ದುಡ್ಡು ಕೊಟ್ಟು ಕ್ಯಾನಿನಲ್ಲಿ ತಂದಿರುತ್ತಾರೆ. ಅದು ನೆನಪಾದಾಗ ಕುಡಿಯುತ್ತಿದ್ದ ಗುಟುಕು ಗಂಟಲಲ್ಲೇ ನಿಂತಿತು.

ಮಧ್ಯಾಹ್ನ ಬಿಸಿಲಿಗೆ ಹೆದರಿ ಸಾಂತೊ ದೊಮಿಂಗೊ ಎದುರಿನ ಇಯಾಗೊ ಗ್ರಂಥಾಲಯಕ್ಕೆ ಹೋದೆ. ಚಿತ್ರಕಾರ ಫ್ರಾನ್ಸಿಸ್ಕೊ ತೊಲೆದೊ 1988ರಲ್ಲಿ ಶುರು ಮಾಡಿದ ಸಂಸ್ಥೆ ಇದು. ಯಾರು ಬೇಕಾದರೂ ಬಂದು ಓದಬಹುದು. ತೊಲೆದೊ 2019ರಲ್ಲಿ ತೀರಿಕೊಂಡರು. 2002ರಲ್ಲಿ ಸೊಕಲೊದಲ್ಲಿ ಮೆಕ್‌ಡೊನಾಲ್ಡ್ಸ್ ಬರುತ್ತದೆ ಎಂದಾಗ ಚೌಕದಲ್ಲೇ ಜನರಿಗೆ ತಮಾಲೆಸ್ ಹಂಚಿ ಪ್ರತಿಭಟನೆ ಮಾಡಿದವರು ಅವರು. ಅಂಗಡಿ ಬರಲಿಲ್ಲ. ಅಂಗಳದ ನೆರಳಲ್ಲಿ ಕಾಲೇಜು ಮಕ್ಕಳು ಓದುತ್ತ ಕೂತಿದ್ದರು. ಪ್ರವಾಸಿಗಳ ಊರಾಗಿಬಿಟ್ಟ ಸೆಂಟ್ರೊದಲ್ಲಿ, ಅಂದರೆ ಊರಿನ ಹಳೆಯ ನಡುಭಾಗದಲ್ಲಿ, ಊರಿನ ಮಕ್ಕಳಿಗೆ ಕೂರಲು ಒಂದು ಜಾಗ ಉಳಿಸಿ ಹೋಗಿದ್ದಾರಲ್ಲ, ಅದು ಸಣ್ಣ ಕೆಲಸವಲ್ಲ.

ಶನಿವಾರ

ಇವತ್ತು ಸೆಂತ್ರಾಲ್ ದೆ ಅಬಾಸ್ತೊಸ್. ಅತೋಯಾಕ್ ಹೊಳೆಯ ಕಡೆಗಿರುವ ದೊಡ್ಡ ಮಾರುಕಟ್ಟೆ. ದಿನವೂ ಇರುತ್ತದೆ, ಆದರೆ ಶನಿವಾರ ಸಂತೆ. ಕಡುಕೆಂಪು, ಬಿಳಿ ಬಣ್ಣದ ಷೇರ್ ಟ್ಯಾಕ್ಸಿಗಳು ಗಾಜಿನ ಮೇಲೆ ತಮ್ಮ ಹಳ್ಳಿಯ ಹೆಸರು ಬರೆದುಕೊಂಡು ಬಂದು ನಿಲ್ಲುತ್ತವೆ. ಮುಂದಿನ ಸೀಟಿನಲ್ಲೇ ಇಬ್ಬರು. ಮಡಿಲಲ್ಲಿ ಟರ್ಕಿ ಕೋಳಿ. ಊರಿನ ಹೆಸರೇ ಇರುವ ಈ ವಹಾಕ ರಾಜ್ಯದಲ್ಲಿ 570 ಪುರಸಭೆಗಳಿವೆ, ಮೆಕ್ಸಿಕೊದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಅವುಗಳಲ್ಲಿ 400ಕ್ಕೂ ಹೆಚ್ಚು ಕಡೆ ಪಕ್ಷಗಳಿಲ್ಲದೆ, ಊರ ಸಭೆ ಸೇರಿಸಿ ಹಳೆಯ ಪದ್ಧತಿಯಂತೆ ಮುಖಂಡರನ್ನು ಆರಿಸುತ್ತಾರೆ. ಶನಿವಾರ ಆ ಹಳ್ಳಿಗಳೆಲ್ಲ ಇಲ್ಲಿಗೆ ಬಂದ ಹಾಗೆ. ಸಾಪೊತೆಕ್, ಮಿಶ್ತೆಕ್, ಮಿಹೆ ಮಾತುಗಳು ಕಿವಿಗೆ ಬೀಳುತ್ತಲೇ ಇರುತ್ತವೆ.

ಒಳಗೆ ಹೋದರೆ ದಾರಿ ತಪ್ಪುವುದು ಖಂಡಿತ, ತಪ್ಪಲಿ ಬಿಡಿ. ಮೆಣಸಿನಕಾಯಿಯ ಸಾಲಿನಲ್ಲಿ ಸೀನು ನಿಲ್ಲುವುದಿಲ್ಲ. ಕಪ್ಪು ಮೋಲೆ ಎಂಬ ಗಟ್ಟಿ ಸಾರಿಗೆ ಬೇಕಾದ ಚಿಲ್ವಾಕ್ಲೆ, ಹೊಗೆಯಲ್ಲಿ ಒಣಗಿಸಿದ ಪಸಿಯಾ. ನಮ್ಮ ಬ್ಯಾಡಗಿಯ ಪೂರ್ವಜರೆಲ್ಲ ಈ ಕಡೆಯಿಂದಲೇ ಹಡಗು ಹತ್ತಿದವರು. ಇನ್ನೊಂದು ಸಾಲಿನಲ್ಲಿ ಮಣ್ಣಿನ ಹಂಚುಗಳು, ತಾಳೆ ಗರಿಯ ಚಾಪೆ, ಜೋಳ ಬೇಯಿಸುವ ಸುಣ್ಣದ ಹೆಂಟೆ. ಹುರಿದ ಮಿಡತೆಗಳ ಗುಡ್ಡೆ, ಬೆಳ್ಳುಳ್ಳಿ, ಲಿಂಬೆ ಹಾಕಿದ್ದು. ಮಾರುವ ಹೆಂಗಸರು ಕೂಗುವುದು ‘ಮಾರ್ಚಾಂತಿತಾ’ ಅಂತ. ಕೊಳ್ಳುವವರೂ ಅವರನ್ನು ಹಾಗೇ ಕರೆಯುತ್ತಾರೆ.

ಒಂದು ಮೂಲೆಯಲ್ಲಿ ತೆಹಾತೆ ಕುಡಿದೆ. ಊರ ಪಕ್ಕದ ಸಾನ್ ಆಂದ್ರೆಸ್ ವಯಾಪಮ್ ಹಳ್ಳಿಯ ಹೆಂಗಸರ ಕಸುಬು ಇದು. ಮೆಕ್ಕೆಜೋಳ, ಕೊಕೊ ಬೀಜ, ಮಾಮೆಯ್ ಹಣ್ಣಿನ ಬೀಜ, ಕೊಕೊ ಹೂ ಎಂದು ಕರೆಯುವ ಒಂದು ಪರಿಮಳದ ಹೂ, ಇಷ್ಟನ್ನೂ ಅರೆದು, ದೊಡ್ಡ ಮಣ್ಣಿನ ಬೋಗುಣಿಯಲ್ಲಿ ಮೊಣಕೈ ತನಕ ಕೈ ಹಾಕಿ ಕಲಸುತ್ತಾರೆ. ಆಮೇಲೆ ಎತ್ತರದಿಂದ ನೀರು ಸುರಿಯುತ್ತಾರೆ. ಬಿಳಿ ನೊರೆ ಮೇಲೆ ನಿಲ್ಲಬೇಕು. ನೊರೆ ನಿಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲ. ಬೆಳಗಿನ ಜಾವಕ್ಕೆ ಎದ್ದು ಇಷ್ಟು ಮಾಡಿ ಹೊತ್ತು ತಂದವಳು ಮಧ್ಯಾಹ್ನದೊಳಗೆ ಬೋಗುಣಿ ಖಾಲಿ ಮಾಡಿ ಹಳ್ಳಿಯ ಟ್ಯಾಕ್ಸಿ ಹಿಡಿಯುತ್ತಾಳೆ.

ಊಟದ ಬೆಂಚುಗಳಲ್ಲಿ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಎದ್ದು ಹೋಗುವವರು ಉಣ್ಣುತ್ತ ಕೂತ ಅಪರಿಚಿತರಿಗೆಲ್ಲ ‘ಪ್ರೊವೆಚೊ’ ಎಂದು ಹೇಳಿ ಹೋಗುತ್ತಾರೆ. ಉಂಡದ್ದು ಮೈಗೆ ಹತ್ತಲಿ ಅಂತ. ಕೂಲಿಯವನೂ ಹೇಳುತ್ತಾನೆ, ಬ್ಯಾಂಕಿನವನೂ ಹೇಳುತ್ತಾನೆ.

ವಾಪಸ್ ಬರುವಾಗ ಮೀನಾ ಬೀದಿ ಹಾದುಬಂದೆ. ಬೀದಿಗೆ ಬೀದಿಯೇ ಚಾಕೊಲೇಟ್ ವಾಸನೆ. ಹುರಿದ ಕೊಕೊ, ಸಕ್ಕರೆ, ಬಾದಾಮಿ, ದಾಲ್ಚಿನ್ನಿ ಎಷ್ಟೆಷ್ಟು ಬೇಕೆಂದು ಗಿರಾಕಿಯೇ ಹೇಳುತ್ತಾಳೆ. ಗಿರಣಿಯಲ್ಲಿ ಅವಳ ಕಣ್ಣೆದುರೇ ಅರೆದು ಕೊಡುತ್ತಾರೆ. ಇಲ್ಲಿ ಮನೆಮನೆಗೂ ಅದರದೇ ಅಳತೆ. ದೊನ್ಯಾ ಮನೆಯ ಅಳತೆಯಲ್ಲಿ ಸಕ್ಕರೆ ಕಡಿಮೆ.

ಆ ರಾತ್ರಿ ನೀರು ಬಂತು. ಎರಡು ಗಂಟೆ ದಾಟಿತ್ತೇನೋ. ಸಂಪಿಗೆ ಬೀಳುವ ಸದ್ದಿಗೆ ದೊನ್ಯಾ ಎದ್ದು ದೀಪ ಹಾಕಿದರು. ಓಣಿಯ ಕಿಟಕಿಗಳಲ್ಲೂ ಒಂದೊಂದೇ ದೀಪ. ಪಂಪುಗಳ ಗುಂಯ್ ಸದ್ದು. ಬಟ್ಟೆ ತೊಳೆಯುವ ಯಂತ್ರಗಳು ಆ ಹೊತ್ತಿನಲ್ಲೇ ಶುರುವಾದವು. ನಾನೂ ಎದ್ದು ಹೊದಿಕೆಗಳನ್ನು ಹಿಂಡಿ ಮಾಳಿಗೆಯ ಮೇಲೆ ಹರವಿದೆ. ಪಕ್ಕದ ಮಾಳಿಗೆಯ ಹೆಂಗಸು ಅಷ್ಟು ಹೊತ್ತಿನಲ್ಲೂ ‘ಬುಯೆನಾಸ್ ನೊಚೆಸ್’ ಹೇಳುವುದನ್ನು ಮರೆಯಲಿಲ್ಲ.

ಭಾನುವಾರ

ದೊನ್ಯಾ ಮನೆಗೆ ವಾರಕ್ಕೆರಡು ಸಲ ಕೆಲಸಕ್ಕೆ ಬರುವ ಹೆಂಗಸು ಮಿಶ್ತೆಕ್ ಜನಾಂಗದವಳು. ನಾನು ಶಾಲೆಯಲ್ಲಿ ಪಾಠ ಮಾಡುವವಳು ಎಂದು ತಿಳಿದ ಮೇಲೆ ಅವಳು ನನ್ನನ್ನು ‘ಮಾಯೆಸ್ತ್ರಾ’ ಎಂದೇ ಕರೆಯುತ್ತಿದ್ದಳು. ‘ಮಾಯೆಸ್ತ್ರಾ, ನಮ್ಮ ಕಡೆಯೂ ನೋಡಿ’ ಅಂದಳು. ಹೋದೆ.

ಅವಳ ಮನೆ ಮೊಂತೆ ಆಲ್ಬನ್ ಗುಡ್ಡದ ಇಳಿಜಾರಿನಲ್ಲಿ. ಗುಡ್ಡದ ತಲೆಯ ಮೇಲೆ ಸಾಪೊತೆಕ್ ಜನರ ಹಳೆಯ ರಾಜಧಾನಿ ಇದೆ. ಕ್ರಿ.ಪೂ. 500ರ ಸುಮಾರಿಗೆ ಗುಡ್ಡದ ತುದಿಯನ್ನು ಸಮ ಮಾಡಿ ಕಟ್ಟಿದ ಊರು. ಕಣಿವೆಯಿಂದ ಸುಮಾರು 400 ಮೀಟರ್ ಮೇಲೆ. 1987ರಲ್ಲಿ ಯುನೆಸ್ಕೊ ಸೆಂಟ್ರೊ ಮತ್ತು ಮೊಂತೆ ಆಲ್ಬನ್ ಎರಡನ್ನೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗಳ ವ್ಯಾನು ಆ ಎರಡರ ನಡುವೆ ಓಡಾಡುತ್ತದೆ. ನಡುದಾರಿಯ ಬಡಾವಣೆಗಳಲ್ಲಿ ನಿಲ್ಲುವುದಿಲ್ಲ.

ನಿಂತು ನೋಡಬೇಕು. ಹಳ್ಳಿ ಬಿಟ್ಟು ಕೆಲಸ ಹುಡುಕಿ ಬಂದವರು ಕಟ್ಟಿಕೊಂಡ ಮನೆಗಳು. ಬಣ್ಣ ಕಾಣದ ಸಿಮೆಂಟ್ ಬ್ಲಾಕ್, ತಗಡಿನ ಮಾಡು. ಮಾಡಿನಿಂದ ಕಬ್ಬಿಣದ ಸರಳುಗಳು ಮೇಲಕ್ಕೆ ಚಾಚಿರುತ್ತವೆ. ಮಗ ಅಮೆರಿಕದಿಂದ ದುಡ್ಡು ಕಳಿಸಿದಾಗ ಮೇಲೊಂದು ಕೋಣೆ ಏಳುತ್ತದೆ. ಮಣ್ಣು ಜಾರದಂತೆ ಹಳೆಯ ಟೈರುಗಳ ತಡೆಗೋಡೆ. ಪ್ರತಿ ಮಾಳಿಗೆಯ ಮೇಲೂ ನಾಯಿ. ಬೀದಿ ಎಂದರೆ ಮೆಟ್ಟಿಲು.

ಭಾನುವಾರ ಇಲ್ಲಿ ತೆಕಿಯೊ. ಮನೆಗೊಬ್ಬರು ಬಂದು ಕೂಲಿ ಇಲ್ಲದೆ ಊರ ಕೆಲಸ ಮಾಡುವುದು. ಹಳ್ಳಿಯ ಪದ್ಧತಿ, ಜನರ ಜೊತೆ ಗುಡ್ಡಕ್ಕೂ ಬಂದಿದೆ. ಬರಲು ಆಗದವರು ಬೇರೆಯವರನ್ನು ಕಳಿಸಬೇಕು, ಇಲ್ಲವೇ ದಂಡ ಕಟ್ಟಬೇಕು. ಇವತ್ತಿನ ಕೆಲಸ ಮೆಟ್ಟಿಲಿಗೆ ಕಾಂಕ್ರೀಟ್. ಕೆಳಗೆ ಲಾರಿ ಸುರಿದ ಜಲ್ಲಿಯನ್ನು ಬಕೆಟ್ಟಿನಲ್ಲಿ ಕೈಯಿಂದ ಕೈಗೆ ಸಾಗಿಸಬೇಕು. ನಾನೂ ಸಾಲಿನಲ್ಲಿ ನಿಂತೆ. ಅಜ್ಜಿಯರು, ಹೈಸ್ಕೂಲಿನ ಹುಡುಗರು, ಹೊಟ್ಟೆ ಮುಂದೆ ಬಂದ ಟ್ಯಾಕ್ಸಿ ಡ್ರೈವರು. ಒಬ್ಬಳು ಹೆಸರುಗಳ ಪಟ್ಟಿ ಹಿಡಿದು ಯಾರು ಬಂದರು, ಯಾರು ಬರಲಿಲ್ಲ ಎಂದು ಗುರುತು ಹಾಕುತ್ತಿದ್ದಳು. ಅವಳ ಕಣ್ಣು ತಪ್ಪಿಸುವುದು ಯಾರಿಂದಲೂ ಆಗದು.

ಇಲ್ಲಿ ನಲ್ಲಿ ಇದೆ, ಆದರೆ ಅದು ಹನಿಯುವುದೇ ಅಪರೂಪ. ಬೇಸಿಗೆಯಲ್ಲಿ ತಿಂಗಳಾದರೂ ಬಂದಿರುವುದಿಲ್ಲ. ಪೀಪಾ, ಅಂದರೆ ಟ್ಯಾಂಕರ್, ತರಿಸಬೇಕು. ಸಾಮಾನ್ಯವಾಗಿ ಹತ್ತು ಸಾವಿರ ಲೀಟರಿನದು. ಆದರೆ ಇಷ್ಟು ಮೇಲೆ ಲಾರಿ ಹತ್ತುವುದಿಲ್ಲ. ಕೆಳಗೇ ನಿಂತು ಉದ್ದದ ಪೈಪು ಎಳೆಯುತ್ತಾರೆ. ಪೈಪು ಉದ್ದವಾದಷ್ಟೂ ದುಡ್ಡು ಜಾಸ್ತಿ. ಒಂದು ಮನೆಯಲ್ಲಿ ಅಷ್ಟು ನೀರು ಹಿಡಿದಿಡುವ ಟ್ಯಾಂಕೇ ಇಲ್ಲ. ಹಾಗಾಗಿ ನಾಲ್ಕೈದು ಮನೆ ಸೇರಿ ತರಿಸುತ್ತಾರೆ, ಡ್ರಮ್ಮುಗಳ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಕೆಳಗೆ ಸೆಂಟ್ರೊದ ಹೋಟೆಲಿನವರು ಸಂಪಿಗೆ ನೇರವಾಗಿ ಸುರಿಸಿಕೊಳ್ಳುವ ನೀರಿಗಿಂತ ಈ ಬಡವರ ಕೊಡದ ನೀರು ತುಟ್ಟಿ. ಇದನ್ನು ನಾನು ಒಪ್ಪಲಾರೆ. ಯಾವ ಊರಿನಲ್ಲೂ ಒಪ್ಪಲಾರೆ.

ಅವಳು ನನಗೆ ತನ್ನ ಡ್ರಮ್ಮುಗಳನ್ನು ತೋರಿಸಿದಳು. ಒಂದು ಅಡುಗೆಗೆ, ಒಂದು ಸ್ನಾನಕ್ಕೆ, ಒಂದು ಬಟ್ಟೆಗೆ. ನಾಲ್ಕನೆಯದು ಖಾಲಿ, ತಗಡಿನ ಮಾಡಿನ ದೋಣಿಯ ಕೆಳಗೆ ಇಟ್ಟದ್ದು, ಮೇ ಕೊನೆಗೆ ಮಳೆ ಬಂದಾಗ ತುಂಬಲು. ಮೇಲಿನ ಹಳೆಯ ರಾಜಧಾನಿಯಲ್ಲೂ ಮಳೆನೀರು ಕೂಡಿಡಲು ತೊಟ್ಟಿ, ಕಾಲುವೆ ಮಾಡಿದ್ದರು. ಆ ಮಾತು ಹೇಳಿದಾಗ ಅವಳು ತಲೆದೂಗಿ, ‘ಆ ಅಜ್ಜಂದಿರಿಗೂ ಹೊತ್ತು ಹೊತ್ತು ಸಾಕಾಗಿರಬೇಕು’ ಅಂದಳು. ಕೆಲಸ ಮುಗಿದ ಮೇಲೆ ಎಲ್ಲರಿಗೂ ಮೆಟ್ಟಿಲ ಮೇಲೇ ಊಟ. ಬೀನ್ಸ್ ಕಾಳು, ತೊರ್ತಿಯಾ ಎಂಬ ಮೆಕ್ಕೆಜೋಳದ ಬಿಸಿ ರೊಟ್ಟಿ, ಉಪ್ಪಿಗೆ ಹಾಕಿದ ಮೆಣಸಿನಕಾಯಿ. ಕೈ ತೊಳೆಯಲು ಒಂದೇ ಬೋಗುಣಿ, ಅದನ್ನೇ ಎಲ್ಲರೂ ಹಂಚಿಕೊಂಡೆವು.

ಸೋಮವಾರ

ಕೊನೆಯ ದಿನ ನೀರಿನ ಹಾದಿಯನ್ನೇ ಹಿಡಿದು ಮೇಲಕ್ಕೆ ನಡೆಯುವ ಮನಸ್ಸಾಯಿತು. ಸೆಂಟ್ರೊದಿಂದ ಉತ್ತರಕ್ಕೆ ಸೊಚಿಮಿಲ್ಕೊ ಓಣಿ. ಮೆಕ್ಸಿಕೊ ಸಿಟಿಯ ದೋಣಿಗಳ ಸೊಚಿಮಿಲ್ಕೊ ಬೇರೆ, ಇದು ಬೇರೆ. ಹಸಿರುಗಲ್ಲಿನ ಕಮಾನುಗಳ ಸಾಲೊಂದು ಬೀದಿಯುದ್ದಕ್ಕೂ ನಿಂತಿದೆ. ಸಾನ್ ಫೆಲಿಪೆಯ ಬೆಟ್ಟದಿಂದ ಊರಿಗೆ ನೀರು ತಂದ ಹಳೆಯ ಮೇಲುಗಾಲುವೆ. ಈಗ ಅದರಲ್ಲಿ ನೀರಿಲ್ಲ. ಕಮಾನುಗಳ ಕೆಳಗೆ ಮನೆ ಬಾಗಿಲುಗಳು, ಸಣ್ಣ ಸಂದಿಗಳು. ಒಂದರಲ್ಲಿ ಸೈಕಲ್, ಇನ್ನೊಂದರಲ್ಲಿ ಹೂವಿನ ಕುಂಡ. ಒಂದು ಮನೆಯಲ್ಲಿ ಕಾಲಿನಿಂದ ತುಳಿಯುವ ಮಗ್ಗದ ಸದ್ದು. ಈ ಓಣಿ ನೇಕಾರರದು. ನೋಡಬಹುದೇ ಎಂದು ಕೇಳಿದೆ. ನೇಕಾರ ಕೈ ನಿಲ್ಲಿಸದೆ ತಲೆಯಾಡಿಸಿದ. ಮೇಜುಬಟ್ಟೆ ನೇಯುತ್ತಿದ್ದ. ಮಗ ಈ ಕೆಲಸ ಕಲಿಯಲಿಲ್ಲ, ಮಗಳು ಕಲಿತಿದ್ದಾಳೆ ಅಂದ.

ಅಲ್ಲಿಂದ ಹೆದ್ದಾರಿ ದಾಟಿದರೆ ಕೊಲೊನಿಯಾ ರೆಫೊರ್ಮಾ. ನೇರ ಬೀದಿಗಳು, ಹಲ್ಲಿನ ಡಾಕ್ಟರುಗಳು, ಜಿಮ್, ಬ್ಯಾಂಕು. ಮಧ್ಯಮ ವರ್ಗದವರ ಬಡಾವಣೆ. ಎರಡು ಗಂಟೆಗೆ ಶಾಲೆ ಬಿಟ್ಟ ಮಕ್ಕಳ ಜೊತೆ ಇಡೀ ಕುಟುಂಬ ಊಟಕ್ಕೆ ಕೂರುತ್ತದೆ. ದಿನದ ದೊಡ್ಡ ಊಟ ಇದೇ. ನಾನೂ ಒಂದು ಖಾನಾವಳಿಯಲ್ಲಿ ಸೂಪು, ಅನ್ನ, ಚೀಸು ತುಂಬಿದ ದಪ್ಪ ಮೆಣಸಿನಕಾಯಿ, ಹಣ್ಣಿನ ನೀರು, ಇಷ್ಟನ್ನು ಉಂಡು ಬಸ್ಸು ಹತ್ತಿದೆ.

ಬಸ್ಸು ಏರುತ್ತ ಏರುತ್ತ ಸಾನ್ ಫೆಲಿಪೆ ದೆಲ್ ಆಗ್ವಾ. ಇಲ್ಲಿ ಎತ್ತರದ ಕಾಂಪೌಂಡುಗಳು, ಮೇಲಿಂದ ಇಳಿಬಿದ್ದ ಬೂಗನ್‌ವಿಲ್ಲಾ, ಸಾಹುಕಾರರ ಮನೆಗಳು. ಅವುಗಳ ನಡುವೆಯೇ ಹಳೆಯ ಹಳ್ಳಿ ಇನ್ನೂ ಉಳಿದಿದೆ. ಅದರ ಚರ್ಚು, ಅದರ ಸಭೆ, ಅದರ ಕಾಡು. ಕಾಡು ಹಳ್ಳಿಯವರ ಸಾಮೂಹಿಕ ಆಸ್ತಿ. 1937ರಲ್ಲಿ ಈ ಬೆಟ್ಟವನ್ನು ಬೆನಿತೊ ಹುವಾರೆಸ್ ರಾಷ್ಟ್ರೀಯ ಉದ್ಯಾನ ಎಂದು ಸಾರಿದರು. ಆದರೂ ದಿನದಿನದ ಕಾವಲು ಊರಿನವರದ್ದೇ.

ದ್ವಾರದಲ್ಲಿ ಕಾವಲಿದ್ದ ಹಿರಿಯರು ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಸಿಕೊಂಡರು. ಬೆಂಕಿಕಡ್ಡಿ ಇದೆಯೇ ಎಂದು ಕೇಳಿದರು. ಮಾರ್ಚ್, ಏಪ್ರಿಲ್ ಕಾಡ್ಗಿಚ್ಚಿನ ಕಾಲ. ಮರಗಳ ನಡುವೆ ಅರ್ಧ ಗಂಟೆ ನಡೆದ ಮೇಲೆ ನೀರಿನ ಸದ್ದು ಕೇಳಿತು. ಮೊಣಕಾಲು ಮುಳುಗದಷ್ಟು ತೊರೆ. ಅದರ ಪಕ್ಕದಲ್ಲೇ ಕೊಳವೆಗಳು ಕೆಳಕ್ಕೆ ಹೋಗಿದ್ದವು. ಕಾಡಿನ ಈ ಇಷ್ಟು ನೀರು, ಕಣಿವೆಯಲ್ಲಿ ತೋಡಿದ ಕೊಳವೆ ಬಾವಿಗಳು, ಹಳೆಯದಾಗಿ ಅಲ್ಲಲ್ಲಿ ಸೋರುವ ಪೈಪುಗಳು. ದೊನ್ಯಾರ ಕ್ಯಾಲೆಂಡರಿನ ಸುತ್ತುಗಳು ನಿಂತಿರುವುದು ಇವುಗಳ ಮೇಲೆ.

ಇಳಿದು ಬಂದಾಗ ಹಿರಿಯರ ಹತ್ತಿರ ಸ್ವಲ್ಪ ಹೊತ್ತು ಕೂತೆ. ಮುಂದಿನ ಭಾನುವಾರ ತಮ್ಮದೂ ತೆಕಿಯೊ ಇದೆ ಎಂದರು. ಬೆಂಕಿ ಹರಡದಂತೆ ಬೆಟ್ಟದ ಏಣಿನ ಉದ್ದಕ್ಕೂ ಪೊದೆ ಸವರಿ ದಾರಿ ಮಾಡುವ ಕೆಲಸ. ಅವರು ಹುಡುಗನಾಗಿದ್ದಾಗಿನಿಂದ ಹೋಗುತ್ತಿದ್ದಾರಂತೆ. ಕಾಂಪೌಂಡುಗಳ ಮನೆಯವರು ಬರುತ್ತಾರೆಯೇ ಎಂದು ಕೇಳಿದೆ. ಕೆಲವರು ಬರುತ್ತಾರೆ, ಕೆಲವರು ದುಡ್ಡು ಕಳಿಸುತ್ತಾರೆ, ಸುಮ್ನೆ ಇರುವವರೂ ಇದ್ದಾರೆ ಎಂದರು. ನಾನು ನಿನ್ನೆ ಜಲ್ಲಿ ಹೊತ್ತ ಬಡಾವಣೆಯ ಹೆಸರು ಹೇಳಿ, ಈ ನೀರು ಅಲ್ಲಿಗೆ ಹೋಗುತ್ತದೆಯೇ ಎಂದೆ. ಅವರು ಎದ್ದು, ಕಣಿವೆಯ ಆಚೆ ಬದಿಗೆ ಕೈ ತೋರಿಸಿದರು. ಅತೋಯಾಕ್ ಹೊಳೆಯೂ ದಾಟಿ, ಅಷ್ಟು ದೂರದಲ್ಲಿ ಮೊಂತೆ ಆಲ್ಬನ್ ಗುಡ್ಡ. ‘ಇಲ್ಲ ಸೆನ್ಯೋರಾ, ಅಲ್ಲಿ ತನಕ ಇದು ಸಾಲುವುದಿಲ್ಲ’ ಎಂದರು. ಆಮೇಲೆ ಆ ಬಡಾವಣೆಯವರ ತೆಕಿಯೊದಲ್ಲಿ ಎಷ್ಟು ಜನ ಬಂದಿದ್ದರು, ದಂಡ ಎಷ್ಟು ಇಟ್ಟಿದ್ದಾರೆ, ಊಟ ಯಾರು ಹಾಕಿದರು ಎಂದು ಒಂದೊಂದಾಗಿ ವಿಚಾರಿಸತೊಡಗಿದರು. ಕೊನೆಯ ಬಸ್ಸು ಬರುವ ತನಕ ನಾವು ಅದನ್ನೇ ಮಾತಾಡಿದೆವು.